ವಾರ್ಡಿನ ದುಡ್ಡು, ಜನರ ತೀರ್ಮಾನ



ವಾರ್ಡ್ ಅಂದ ಕೂಡಲೇ ನಮಗೆ ನೆನಪಾಗುವುದು ಚುನಾವಣೆ. ಓಟು ಹಾಕಿದ ಮೇಲೆ ನಮ್ಮ ಕೆಲಸ ಮುಗಿಯಿತು ಅಂತ ಸುಮ್ಮನಾಗುತ್ತೇವೆ. ಅಮೆರಿಕದ ಶಿಕಾಗೋ ನಗರದ ಒಂದು ವಾರ್ಡಿನವರು ಹಾಗೆ ಸುಮ್ಮನಾಗಲಿಲ್ಲ.

ಶಿಕಾಗೋದಲ್ಲಿ 50 ವಾರ್ಡುಗಳಿವೆ. ನಗರದ ಉತ್ತರದ ತುದಿಯಲ್ಲಿ, ಮಿಶಿಗನ್ ಸರೋವರದ ದಡದಲ್ಲಿರುವುದು 49ನೇ ವಾರ್ಡು. ಇದರ ಬಹುಭಾಗ ರೋಜರ್ಸ್ ಪಾರ್ಕ್ ಎಂಬ ಬಡಾವಣೆ. ಇಲ್ಲಿ ಎಷ್ಟೋ ಬೀದಿಗಳು ಸರೋವರದ ಮರಳಿನಲ್ಲೇ ಕೊನೆಯಾಗುತ್ತವೆ. ಬಿಳಿಯರು, ಆಫ್ರಿಕನ್ ಅಮೆರಿಕನ್ನರು, ಮೆಕ್ಸಿಕೋ ಮೂಲದವರು, ಲೊಯೋಲಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಬೇರೆ ದೇಶಗಳಿಂದ ಬಂದವರು, ಎಲ್ಲರೂ ಅಕ್ಕಪಕ್ಕದಲ್ಲೇ ಬದುಕುತ್ತಾರೆ. ಬಾಡಿಗೆದಾರರೇ ಹೆಚ್ಚು.

ರಸ್ತೆ, ದೀಪ, ಫುಟ್‌ಪಾತ್ ಕೆಲಸಕ್ಕೆ ಪ್ರತಿ ವಾರ್ಡಿನ ಸದಸ್ಯರ ಕೈಗೆ ಆಗ ವರ್ಷಕ್ಕೆ ಸುಮಾರು 13 ಲಕ್ಷ ಡಾಲರ್ ಸಿಗುತ್ತಿತ್ತು. ಎಲ್ಲಿ ಖರ್ಚು ಮಾಡಬೇಕು ಅನ್ನುವುದು ಅವರ ಇಷ್ಟ. 2009ರಲ್ಲಿ ಸದಸ್ಯ ಜೋ ಮೂರ್ ಈ ತೀರ್ಮಾನವನ್ನು ಜನರಿಗೇ ಬಿಟ್ಟರು. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಲ್ಲಿ ಆರಂಭವಾದ ಸಹಭಾಗಿತ್ವದ ಬಜೆಟ್ ಪದ್ಧತಿಯನ್ನು ಅಮೆರಿಕದಲ್ಲಿ ಮೊದಲು ತಂದದ್ದು ಈ ವಾರ್ಡೇ.

ಕ್ರಮ ಹೀಗೆ: ಮೊದಲು ಬಡಾವಣೆಗಳಲ್ಲಿ ಸಭೆ. ಅಲ್ಲಿ ಜನ ತಮ್ಮ ಬೇಡಿಕೆ ಹೇಳುತ್ತಾರೆ. ಮುಂದೆ ಬಂದ ಸ್ವಯಂಸೇವಕರು ಸಮಿತಿ ಮಾಡಿಕೊಂಡು, ಅಧಿಕಾರಿಗಳನ್ನು ಕೇಳಿ, ಪ್ರತಿ ಕೆಲಸಕ್ಕೆ ಎಷ್ಟು ಖರ್ಚು ಅಂತ ಲೆಕ್ಕ ಹಾಕುತ್ತಾರೆ. ಆಮೇಲೆ ಮತದಾನ. 2010ರ ಮೊದಲ ಮತದಾನದಲ್ಲಿ 16 ವರ್ಷ ತುಂಬಿದ ನಿವಾಸಿಗಳೆಲ್ಲರಿಗೂ ಓಟಿತ್ತು. ಪೌರತ್ವವೂ ಬೇಕಿರಲಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರೂ ಬೇಕಿರಲಿಲ್ಲ. ಬೇರೆ ಚುನಾವಣೆಯಲ್ಲಿ ಬಾಯಿಲ್ಲದವರಿಗೆ ಇಲ್ಲಿ ಬಾಯಿ ಬಂತು. ಹೆಚ್ಚು ಓಟು ಬಿದ್ದದ್ದು ಒಡೆದುಹೋದ ಫುಟ್‌ಪಾತ್ ರಿಪೇರಿಗೆ. ಗಾಲಿಕುರ್ಚಿಯವರಿಗೆ, ಮಗುವನ್ನು ತಳ್ಳುಗಾಡಿಯಲ್ಲಿ ಕರೆದೊಯ್ಯುವ ತಾಯಿಗೆ ಅದರ ಬೆಲೆ ಗೊತ್ತು.

ಹಾಗಂತ ಎಲ್ಲವೂ ಸರಿಹೋಯಿತು ಅನ್ನಲಾಗದು. ಅರ್ಧ ಲಕ್ಷಕ್ಕೂ ಹೆಚ್ಚು ಜನರಿರುವ ವಾರ್ಡಿನಲ್ಲಿ ಅಂದು ಓಟು ಹಾಕಿದವರು ಎರಡು ಸಾವಿರಕ್ಕಿಂತ ಕಡಿಮೆ. ಎರಡು ಕಡೆ ದುಡಿಯುವವರಿಗೆ, ಭಾಷೆ ಬಾರದವರಿಗೆ ಸಂಜೆಯ ಸಭೆ ದೂರದ ಮಾತು. ಬಾಗಿಲು ತೆರೆದರಷ್ಟೇ ಸಾಲದು, ಮನೆಮನೆಗೆ ಹೋಗಿ ಕರೆಯಬೇಕು. ಸಭೆಯ ಹೊತ್ತು, ಜಾಗ, ಭಾಷೆ ಬಡವರಿಗೆ ಹೊಂದಬೇಕು.

2019ರ ಚುನಾವಣೆಯಲ್ಲಿ ಮೂರ್ ಸೋತರು. ಅವರನ್ನು ಸೋಲಿಸಿದ ಮರಿಯಾ ಹ್ಯಾಡನ್ ಇದೇ ಸಹಭಾಗಿತ್ವದ ಬಜೆಟ್ ಕೆಲಸದಲ್ಲಿ ಪಳಗಿದವರು. ಫುಟ್‌ಪಾತಿನ ಲೆಕ್ಕ ಹಾಕುತ್ತಾ ಹಾಕುತ್ತಾ ನಾಯಕತ್ವವೂ ಬೆಳೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?