ಮೆಚ್ಚಿದವರು ನೂರು, ಕೊಂಡವರು ಕೋಟಿ

ನೂರು ಕಾರು, ಇಪ್ಪತ್ತೇ ನಿಮಿಷ! 2025ರ ಅಕ್ಟೋಬರ್‌ನಲ್ಲಿ ಸ್ಕೋಡಾ ಕಂಪನಿ ತನ್ನ ಆಕ್ಟೇವಿಯಾ ಆರ್‌ಎಸ್ ಕಾರಿಗೆ ಬುಕಿಂಗ್ ತೆರೆಯಿತು. ಭಾರತದ ಪಾಲಿಗೆ ಬಂದದ್ದು ಬರೀ 100 ಕಾರು. ಒಂದೊಂದರ ಬೆಲೆ ಹತ್ತಿರ ಹತ್ತಿರ 50 ಲಕ್ಷ ರೂಪಾಯಿ. 20 ನಿಮಿಷದಲ್ಲಿ ನೂರಕ್ಕೆ ನೂರೂ ಖಾಲಿ! 12 ಸೆಕೆಂಡಿಗೆ ಒಂದು ಕಾರು, ನಿಮಿಷಕ್ಕೆ ಎರಡೂವರೆ ಕೋಟಿ ರೂಪಾಯಿ ವ್ಯಾಪಾರ. ಚಿಕ್ಕಮಗಳೂರು ಜಿಲ್ಲೆಯ ಹರಿಹರಪುರದಲ್ಲಿ ಬಸ್ಸು ಹತ್ತಿದವರು ಶೃಂಗೇರಿಯಲ್ಲಿ ಇಳಿಯುವುದರೊಳಗೆ ಐವತ್ತು ಕೋಟಿಯ ಸರಕು ಮುಗಿದುಹೋಗಿತ್ತು. ಕಾರಿನ ಹುಚ್ಚು ಅಂದರೆ ಇದು.

ಈಗ ಇನ್ನೊಂದು ಲೆಕ್ಕ ನೋಡಿ. 2024-25ರಲ್ಲಿ ಮಾರುತಿ ಸುಜುಕಿ ಮಾರಿದ್ದು 22,34,266 ವಾಹನ. ದಿನಕ್ಕೆ 6,121. ಗಂಟೆಗೆ 255. ನೂರು ಕಾರು ಮಾರಲು ಅದಕ್ಕೆ ಬೇಕಾದದ್ದು 24 ನಿಮಿಷ. ಆಕ್ಟೇವಿಯಾ ಒಮ್ಮೆ ಮಾಡಿದ ಪವಾಡವನ್ನು ಮಾರುತಿ ಸರಿಸುಮಾರು ಅಷ್ಟೇ ಹೊತ್ತಿನಲ್ಲಿ ಮಾಡುತ್ತದೆ, ಮುಂದಿನ 24 ನಿಮಿಷದಲ್ಲಿ ಮತ್ತೆ ಮಾಡುತ್ತದೆ, ಹಗಲು ರಾತ್ರಿ, ಭಾನುವಾರ, ದೀಪಾವಳಿ ಒಂದನ್ನೂ ಬಿಡದೆ ಲೆಕ್ಕ ಹಾಕಿದರೆ ದಿನಕ್ಕೆ 61 ಸಲ! ಕಾರುಪ್ರಿಯರ ಪ್ರೀತಿಯ ಅಳತೆ ಬೇರೆ, ಕಾರ್ಖಾನೆಯ ಹಸಿವಿನ ಅಳತೆ ಬೇರೆ. ಇವೆರಡರ ನಡುವಿನ ಅಂತರ ಎಷ್ಟು ದೊಡ್ಡದು ಎಂದು ಅಳೆಯುತ್ತ ಹೋದರೆ ತಲೆ ತಿರುಗುತ್ತದೆ.

ಎರಡು ಬಾಗಿಲಿನಿಂದ ಶುರುಮಾಡೋಣ. 2020ರ ಅಕ್ಟೋಬರ್ 2ರಂದು ಮಹೀಂದ್ರದ ಹೊಸ ಥಾರ್ ಬಂತು. ಹಿಂದಿನ ಸೀಟಿಗೆ ಬೇರೆ ಬಾಗಿಲಿಲ್ಲ, ಮುಂದಿನಿಂದಲೇ ನುಸುಳಬೇಕು. ಜೀಪು ಅಂದರೆ ಹೀಗೇ ಇರಬೇಕು ಎಂದು ಜೀಪುಪ್ರಿಯರು ಕುಣಿದಾಡಿದರು. ಒಂದು ತಿಂಗಳಲ್ಲಿ 20,000 ಬುಕಿಂಗ್. ಕೊರೊನಾ ಕಾಲದಲ್ಲಿ ಅದು ಭಾರೀ ಸಂಖ್ಯೆಯೇ. ನಾಲ್ಕು ವರ್ಷದ ಬಳಿಕ ಕಂಪನಿ ಅದೇ ಜೀಪಿಗೆ ಇನ್ನೆರಡು ಬಾಗಿಲು ಇಟ್ಟು, ಉದ್ದ ಹಿಗ್ಗಿಸಿ, ಥಾರ್ ರಾಕ್ಸ್ ಎಂದು ಕರೆಯಿತು. ಅಜ್ಜಿ, ಮಕ್ಕಳು, ಲಗೇಜು ಎಲ್ಲಕ್ಕೂ ಜಾಗ. 2024ರ ಅಕ್ಟೋಬರ್ 3ರಂದು ಬುಕಿಂಗ್ ತೆರೆದ ಮೊದಲ 60 ನಿಮಿಷದಲ್ಲಿ ಬಂದ ಬೇಡಿಕೆ 1,76,218! ಸೆಕೆಂಡಿಗೆ 49 ಜೀಪು. ಮೂರು ಬಾಗಿಲಿನ ಥಾರ್ ಒಂದು ತಿಂಗಳಲ್ಲಿ ಗಳಿಸಿದ್ದನ್ನು ಐದು ಬಾಗಿಲಿನ ರಾಕ್ಸ್ ಏಳು ನಿಮಿಷದಲ್ಲಿ ಗಳಿಸಿತು. ಮುಂಗಡ ತಲಾ 21,000 ರೂಪಾಯಿ, ಅಂದರೆ ಒಂದು ಗಂಟೆಯ ಮುಂಗಡವೇ 370 ಕೋಟಿ, ಸೆಕೆಂಡಿಗೆ ಹತ್ತು ಲಕ್ಷ.

ಆ ಜೀಪುಗಳನ್ನು ಹರಿಹರಪುರದಲ್ಲಿ ತುಂಗೆಯ ದಡದಿಂದ ಒಂದಕ್ಕೊಂದು ತಾಗಿಸಿ ಸಾಲಾಗಿ ನಿಲ್ಲಿಸಿ. ಒಂದೊಂದರ ಉದ್ದ 4.428 ಮೀಟರ್. ಸಾಲು ಬೆಂಗಳೂರು ಮುಟ್ಟುತ್ತದೆ, ತಿರುಗಿ ಹರಿಹರಪುರಕ್ಕೆ ಬರುತ್ತದೆ, ಆಮೇಲೂ ನೂರು ಕಿಲೋಮೀಟರಿಗೆ ಮೀರಿ ಜೀಪು ಉಳಿಯುತ್ತದೆ. ಒಟ್ಟು 780 ಕಿಲೋಮೀಟರ್! ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ 11,37,961. ಆರೂವರೆ ಮಂದಿಗೆ ಒಂದರಂತೆ ಇಡೀ ಜಿಲ್ಲೆಗೆ ಜೀಪು ಹಂಚಬಹುದು. ಬರೀ ಎರಡು ಬಾಗಿಲಿನ ಮಹಿಮೆ!

ಮಲೆನಾಡಿನವರಿಗೆ ಜೀಪಿನ ಮೇಲೆ ಪ್ರೀತಿ ಸುಮ್ಮನೆ ಹುಟ್ಟಿದ್ದಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಮಳೆ. ಒಂದು ವರ್ಷದ ಮಳೆ ಹರಿದುಹೋಗದೆ ಬಿದ್ದಲ್ಲೇ ನಿಂತರೆ, ನಾಲ್ಕು ಮಾರುತಿ ಜಿಪ್ಸಿಗಳನ್ನು ಒಂದರ ಮೇಲೊಂದು ಪೇರಿಸಿದರೂ ನಾಲ್ಕನೆಯದರ ಚಾವಣಿ ಮುಳುಗುತ್ತದೆ. ಇಂಥ ಮಳೆಯಲ್ಲಿ ತೋಟದ ಮಣ್ಣುದಾರಿ ಹತ್ತಲು ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಆಗಬೇಕು. ಹಾಗಾಗಿ ಜಿಪ್ಸಿ ಎಂದರೆ ಇಲ್ಲಿ ಕಣ್ಣು ಅರಳುತ್ತದೆ. 1985ರ ಕೊನೆಗೆ ಬಂದ ಗಾಡಿ, ಮೂವತ್ತಮೂರು ವರ್ಷ ಹೆಚ್ಚುಕಡಿಮೆ ಅದೇ ರೂಪದಲ್ಲಿ ತಯಾರಾಯಿತು. ರ‍್ಯಾಲಿಗಳಲ್ಲಿ ಗೆದ್ದಿತು, ಎಸ್ಟೇಟುಗಳಲ್ಲಿ ದುಡಿಯಿತು, ಸೇನೆಗೇ ಮೂವತ್ತು ಸಾವಿರ ಮೀರಿ ಹೋಯಿತು. ಸೇನೆಯ ಹೊರಗೆ ಮೆಚ್ಚಿದವರು ಲೆಕ್ಕವಿಲ್ಲದಷ್ಟು, ಕೊಂಡವರು ಬೆರಳೆಣಿಕೆ. 2019ಕ್ಕೆ ಕತೆ ಮುಗಿಯಿತು.

ಜಿಪ್ಸಿಯ ವಂಶದ ಜಿಮ್ನಿ ಬೇಕು ಎಂದು ದೇಶದ ಕಾರುಪ್ರಿಯರು ವರ್ಷಗಟ್ಟಲೆ ಕೇಳಿದರು. 2023ರ ಜನವರಿಯಲ್ಲಿ ಮಾರುತಿ ಒಂದೇ ದಿನ, ಒಂದೇ ವೇದಿಕೆಯಲ್ಲಿ ಎರಡು ಗಾಡಿ ತೋರಿಸಿತು: ಎಲ್ಲರೂ ಕಾದಿದ್ದ ಜಿಮ್ನಿ, ಯಾರೂ ಕೇಳದಿದ್ದ ಫ್ರಾಂಕ್ಸ್. ಚಪ್ಪಾಳೆಯೆಲ್ಲ ಜಿಮ್ನಿಗೆ. ಫ್ರಾಂಕ್ಸ್ ಹತ್ತೇ ತಿಂಗಳಲ್ಲಿ 1 ಲಕ್ಷ ಮಾರಾಟವಾಯಿತು. ಜಿಮ್ನಿ 2023-24ರಲ್ಲಿ ಮಾರಾಟವಾದದ್ದು 17 ಸಾವಿರದ ಆಸುಪಾಸು. ಅದೇ ವರ್ಷ ಅದೇ ಕಂಪನಿಯ ಈಕೋ ವ್ಯಾನು ಮಾರಾಟವಾದದ್ದು 1 ಲಕ್ಷ 37 ಸಾವಿರ! ಒಂದು ಜಿಮ್ನಿಗೆ ಎಂಟು ಈಕೋ. ಈಕೋದ ಚಿತ್ರವನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ, ಅದರ ಸ್ಟೇರಿಂಗು ಎಷ್ಟು ಚೆಂದ ಎಂದು ಯಾರೂ ಬರೆಯುವುದಿಲ್ಲ. ಆದರೂ ಅಡಕೆ ಮೂಟೆ, ಶಾಲೆ ಮಕ್ಕಳು, ಮದುವೆ ದಿಬ್ಬಣ, ಆಸ್ಪತ್ರೆಯ ರೋಗಿ ಎಲ್ಲವನ್ನೂ ಹೊತ್ತು, 2010ರಿಂದ 2025ರ ಆರಂಭದವರೆಗೆ 12 ಲಕ್ಷ ಈಕೋಗಳು ಮಾರಾಟವಾಗಿವೆ. ಜಿಲ್ಲೆಯ ಒಟ್ಟು ಜನಸಂಖ್ಯೆಗಿಂತ ಹೆಚ್ಚು ವ್ಯಾನು!

ಇನ್ನೂ ಬೆರಗಿನ ಮಾತು ಮುಂದಿದೆ. ಭಾರತದವರು ಹೊಗಳಿ ಕೈಬಿಟ್ಟ ಅದೇ ಜಿಮ್ನಿ, ಗುರುಗ್ರಾಮದಲ್ಲೇ ತಯಾರಾಗಿ, ಜಿಮ್ನಿ ನೊಮಾಡೆ ಎಂಬ ಹೆಸರಿನಲ್ಲಿ 2025ರ ಜನವರಿ 30ರಂದು ಜಪಾನಿಗೆ ಕಾಲಿಟ್ಟಿತು. ನಾಲ್ಕು ದಿನಕ್ಕೆ 50,000 ಬುಕಿಂಗ್! ಅಲ್ಲಿ ತಿಂಗಳಿಗೆ ಮಾರಬೇಕೆಂದು ಕಂಪನಿ ಇಟ್ಟುಕೊಂಡಿದ್ದ ಗುರಿ 1,200. ಆ ಲೆಕ್ಕದಲ್ಲಿ ಕೊನೆಯವನಿಗೆ ಕಾರು ಸಿಗಲು 42 ತಿಂಗಳು ಬೇಕು. ಇಂದು ನೆಟ್ಟ ಕಾಫಿ ಗಿಡ ಮೊದಲ ಫಸಲು ಕೊಡುವಷ್ಟು ಕಾಲ! ಕಂಪನಿ ಬೆದರಿ ಬುಕಿಂಗನ್ನೇ ನಿಲ್ಲಿಸಿತು. ನಮ್ಮಲ್ಲಿ ಇಡೀ ವರ್ಷ ಬಂದ ಗಿರಾಕಿಗಳ ಮೂರರಷ್ಟು ಜನ ಅಲ್ಲಿ ನಾಲ್ಕು ದಿನದಲ್ಲಿ ಬಂದರು.

ಬುಕಿಂಗ್ ಬಂದರೆ ಸಾಕೇ? ಅದೂ ಸಾಲದು. ಟಾಟಾ ನ್ಯಾನೊ 2009ರಲ್ಲಿ ಬಂದಾಗ 2 ಲಕ್ಷ ಮೀರಿ ಜನ ಹಣ ಕಟ್ಟಿ ಕಾದರು. ಅದಕ್ಕೆಂದೇ ಗುಜರಾತಿನ ಸಾಣಂದದಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡುವ ಕಾರ್ಖಾನೆ ಎದ್ದಿತು. ಅಂದರೆ ಎರಡು ನಿಮಿಷಕ್ಕೊಂದು ಕಾರು. 2018ರ ಜೂನ್ ತಿಂಗಳಿಡೀ ತಯಾರಾದ ನ್ಯಾನೊ ಎಷ್ಟು ಗೊತ್ತೆ? ಒಂದು! ಹತ್ತಲ್ಲ, ನೂರಲ್ಲ, ಒಂದೇ ಒಂದು.

ಪ್ರೀತಿಯೂ ಕಾಯಲಿಲ್ಲ. ಅಂಬಾಸಡರ್ ಕಾರನ್ನು ಪ್ರೀತಿಸದ ಭಾರತೀಯನಿಲ್ಲ. ಐದೂವರೆ ದಶಕ ಮಂತ್ರಿಗಳನ್ನೂ ಮದುಮಕ್ಕಳನ್ನೂ ಹೊತ್ತು ತಿರುಗಿದ ಕಾರು ಅದು. 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆ ಬಾಗಿಲು ಹಾಕುವ ಹೊತ್ತಿಗೆ ಅಲ್ಲಿ ದಿನವಿಡೀ ತಯಾರಾಗುತ್ತಿದ್ದದ್ದು 5 ಕಾರು. ಮಾರುತಿಗೆ 2024-25ರ ಲೆಕ್ಕದಲ್ಲಿ 5 ಕಾರು ಅಂದರೆ 71 ಸೆಕೆಂಡಿನ ವ್ಯಾಪಾರ.

ಫೋರ್ಡ್ ಕತೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇಕೋಸ್ಪೋರ್ಟ್ ಮತ್ತು ಫಿಗೋ ಓಡಿಸಿದವರು ಈಗಲೂ ಅವುಗಳ ಗುಣ ಹಾಡುತ್ತಾರೆ. ತಿರುವಿನಲ್ಲಿ ನೆಲ ಕಚ್ಚಿ ಹೋಗುವ ಆ ಹಿಡಿತಕ್ಕೆ ಘಾಟಿ ರಸ್ತೆಯ ಜನ ಮರುಳಾಗದಿದ್ದರೆ ಆಶ್ಚರ್ಯ. 2021ರ ಸೆಪ್ಟೆಂಬರ್ 9ರಂದು ಕಂಪನಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಹಿಂದಿನ ಹತ್ತು ವರ್ಷದಲ್ಲಿ ಆದ ನಷ್ಟ 200 ಕೋಟಿ ಡಾಲರಿಗೂ ಹೆಚ್ಚು, ಅಂದಿನ ಲೆಕ್ಕದಲ್ಲಿ 14 ಸಾವಿರ ಕೋಟಿ ರೂಪಾಯಿ ಮೀರಿ. ಹತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 4 ಕೋಟಿ. ಪ್ರತಿ ನಾಲ್ಕು ನಿಮಿಷಕ್ಕೆ ಒಂದು ಲಕ್ಷ ರೂಪಾಯಿ, ಹತ್ತು ವರ್ಷ, ಒಂದು ರಾತ್ರಿಯೂ ಬಿಡದೆ!

ಒಂದು ಕಾರಿನಿಂದ ಕಂಪನಿಗೆ ಸಿಗುವುದಾದರೂ ಎಷ್ಟು? 2024-25ರಲ್ಲಿ ಮಾರುತಿಯ ನಿವ್ವಳ ಲಾಭ 13,955 ಕೋಟಿ ರೂಪಾಯಿ. ಕೇಳಲು ಭಾರೀ ಮೊತ್ತ. ಮಾರಿದ ವಾಹನಗಳಿಗೆ ಹಂಚಿದರೆ ತಲಾ 62 ಸಾವಿರ ರೂಪಾಯಿ ಮಾತ್ರ. ಒಳ್ಳೆಯ ಸ್ಕೂಟರು ಕೊಳ್ಳಲೂ ಸಾಲದ ಹಣ! ಹಾಗಾಗಿಯೇ ಅದಕ್ಕೆ ಲಕ್ಷಗಳಲ್ಲಿ ಮಾರುವ ಹಠ. ಫೆರಾರಿ 2024ರಲ್ಲಿ ಇಡೀ ಜಗತ್ತಿಗೆ ಕೊಟ್ಟದ್ದು 13,752 ಕಾರು. ಮಾರುತಿಯ ಎರಡೂಕಾಲು ದಿನದ ಲೆಕ್ಕ. ಲಾಭ 152 ಕೋಟಿ ಯೂರೋ ಮೀರಿ, ಅಂದರೆ ಕಾರಿಗೆ ಒಂದು ಕೋಟಿ ರೂಪಾಯಿಯ ಹತ್ತಿರ! ಒಂದು ಫೆರಾರಿ ತರುವ ಲಾಭ ತರಲು 160 ಮಾರುತಿ ಮಾರಬೇಕು.

ಬುಗಾಟಿ ವೇರಾನ್ ಇದಕ್ಕೆ ತದ್ವಿರುದ್ಧ. 2005ರಲ್ಲಿ ಬಂದಾಗ ಅದರ ಬಲ 1,001 ಕುದುರೆ, ವೇಗ ಗಂಟೆಗೆ 407 ಕಿಲೋಮೀಟರ್. ಆ ವೇಗದಲ್ಲಿ 100 ಲೀಟರಿನ ಟ್ಯಾಂಕು ಬರಿದಾಗಲು 12 ನಿಮಿಷ ಸಾಕು. ಹರಿಹರಪುರದಿಂದ ಹಾಗೆ ಹೊರಟರೆ ಚಿಕ್ಕಮಗಳೂರಿನ ಆಸುಪಾಸಿಗೆ ಪೆಟ್ರೋಲು ಮುಗಿದಿರುತ್ತದೆ. ಹತ್ತು ವರ್ಷದಲ್ಲಿ ತಯಾರಾದದ್ದು 450 ಕಾರು. ಒಂದೊಂದಕ್ಕೂ ಹತ್ತು ಲಕ್ಷ ಯೂರೋ ಮೀರಿದ ಬೆಲೆ ಇಟ್ಟರೂ, ಮಾರಿದ ಪ್ರತಿ ಕಾರಿಗೆ ಕಂಪನಿ 40 ಲಕ್ಷ ಯೂರೋಗೂ ಹೆಚ್ಚು ಕಳೆದುಕೊಂಡಿತೆಂದು ವಿಶ್ಲೇಷಕರು ಅಂದಾಜು ಮಾಡಿದರು. ಜಗತ್ತೇ ಬಾಯಿ ಬಿಟ್ಟು ನೋಡಿದ ಕಾರು, ಮಾರಿದಷ್ಟೂ ನಷ್ಟ!

ಈಗ ದೊಡ್ಡ ಲೆಕ್ಕಕ್ಕೆ ಬನ್ನಿ. 1983ರ ಡಿಸೆಂಬರಿನಿಂದ 2014ರ ಜನವರಿವರೆಗೆ ತಯಾರಾದ ಮಾರುತಿ 800 ಕಾರುಗಳು 28 ಲಕ್ಷಕ್ಕೂ ಹೆಚ್ಚು. ಒಂದರ ತೂಕ 650 ಕಿಲೋ ಎಂದಿಟ್ಟುಕೊಂಡರೂ ಒಟ್ಟು 18 ಲಕ್ಷ ಟನ್, ನಾಲ್ಕು ಟನ್ನಿನ ಆನೆಗಳಾದರೆ ನಾಲ್ಕೂವರೆ ಲಕ್ಷ ಆನೆ! ಇಡೀ ಕರ್ನಾಟಕದ ಕಾಡಿನಲ್ಲಿ 2023ರ ಗಣತಿಯಲ್ಲಿ ಸಿಕ್ಕ ಆನೆಗಳು 6,395. ಅದರ ಎಪ್ಪತ್ತು ಪಟ್ಟು ತೂಕ, ಒಂದೇ ಪುಟ್ಟ ಕಾರಿನದು. ಮಾರುತಿಯ ಎಲ್ಲ ಕಾರುಗಳೂ ಸೇರಿ 2024ರಲ್ಲಿ 3 ಕೋಟಿ ದಾಟಿದವು. ಸೆಕೆಂಡಿಗೊಂದರಂತೆ ಅವು ನಿಮ್ಮ ಮುಂದೆ ಹಾದುಹೋದರೆ, ರೆಪ್ಪೆ ಮುಚ್ಚದೆ 347 ದಿನ ನಿಲ್ಲಬೇಕು. ಮೂರೂವರೆ ಮೀಟರಿನಂತೆ ಸಾಲು ಹಚ್ಚಿದರೆ ಭೂಮಿಗೆ ಎರಡೂವರೆ ಸುತ್ತು.

ಕಾರುಪ್ರಿಯರು ಸಪ್ಪೆ ಎಂದು ಮೂಗು ಮುರಿಯುವ ಟೊಯೋಟಾ ಕೊರೊಲ್ಲಾ 1966ರಲ್ಲಿ ಹುಟ್ಟಿ 2021ಕ್ಕೆ 5 ಕೋಟಿ ದಾಟಿತು. ಸಾಲು ಹಚ್ಚಿದರೆ ಅದು ಭೂಮಿಗೆ ಸುಮಾರು ಐದು ಸುತ್ತು! ಜಗತ್ತಿನ ಎಲ್ಲ ಕಾರ್ಖಾನೆಗಳಿಂದ ಒಂದು ವರ್ಷಕ್ಕೆ ಹೊರಬೀಳುವ ವಾಹನಗಳು 9 ಕೋಟಿಗೂ ಹೆಚ್ಚು, ಸೆಕೆಂಡಿಗೆ ಮೂರರಂತೆ. ಚಿಕ್ಕಮಗಳೂರು ಜಿಲ್ಲೆಯ ಹಸುಗೂಸಿನಿಂದ ಹಣ್ಣುಮುದುಕರವರೆಗೆ ತಲೆಗೊಂದು ವಾಹನ ಕೊಡಲು ಮಾರುತಿಗೆ 186 ದಿನ ಬೇಕು, ಭಾರತದೊಳಗೆ ಮಾರಾಟವಾಗುವ ಎಲ್ಲ ಕಾರು ಸೇರಿದರೆ 97 ದಿನ, ಜಗತ್ತಿಗೆ ಐದೇ ದಿನ! ಆ ಒಂದು ವರ್ಷದ ವಾಹನಗಳನ್ನು ಸರಾಸರಿ ನಾಲ್ಕೂವರೆ ಮೀಟರಿನಂತೆ ಸಾಲಾಗಿ ಮೇಲಕ್ಕೆ ನಿಲ್ಲಿಸಿದರೆ 4 ಲಕ್ಷ ಕಿಲೋಮೀಟರು ಮೀರುತ್ತದೆ. ಚಂದ್ರ ಇರುವುದು 3,84,400 ಕಿಲೋಮೀಟರ್ ದೂರದಲ್ಲಿ. ಚಂದ್ರನನ್ನು ಮುಟ್ಟಿ, ದಾಟಿ ಹೋಗುವ ಸಾಲು, ಪ್ರತಿ ವರ್ಷವೂ! ಆ ಸಾಲಿನಲ್ಲಿ ಫೆರಾರಿಗಳ ಪಾಲು 62 ಕಿಲೋಮೀಟರ್. ಹರಿಹರಪುರದಿಂದ ನಿಲ್ಲಿಸುತ್ತ ಹೋದರೆ ಶೃಂಗೇರಿ ದಾಟಿ, ಕಾರ್ಕಳ ಸೇರುವ ಮೊದಲೇ ಮುಗಿಯುತ್ತದೆ.

ನಮ್ಮ ದೇಶದಲ್ಲಿ 2024-25ರಲ್ಲಿ ಮಾರಾಟವಾದ 43 ಲಕ್ಷ ಪ್ರಯಾಣಿಕ ವಾಹನಗಳಲ್ಲಿ ಸುಮಾರು 28 ಲಕ್ಷ ಎಸ್‌ಯುವಿ ಮತ್ತು ಅದರ ಬಳಗದವು, ನೂರಕ್ಕೆ 65. ತಗ್ಗಿನ ಸೆಡಾನ್ ಬೇಕು, ಪುಟ್ಟ ಚುರುಕಿನ ಹ್ಯಾಚ್‌ಬ್ಯಾಕ್ ಬೇಕು, ಅಪ್ಪಟ ಜೀಪೇ ಬೇಕು ಎನ್ನುವವರ ದನಿ ಈ ಲಕ್ಷಗಳ ನಡುವೆ ಕಾರ್ಖಾನೆಗೆ ತಲುಪುವ ದಾರಿ ಒಂದೇ, ಮಾರಾಟದ ಪಟ್ಟಿ. ಜಿಪ್ಸಿಗಾಗಿ ಮರುಗಿದ ಮಲೆನಾಡಿನ ಗೆಳೆಯರಿಗೆ, ಇಕೋಸ್ಪೋರ್ಟಿಗಾಗಿ ನೊಂದವರಿಗೆ ನಾನು ಹೇಳುವುದು ಇಷ್ಟೇ: ನಿಮಗೆ ನಿಜವಾಗಿ ಬೇಕಾದ ಕಾರು ಇಂದು ತಯಾರಾಗುತ್ತಿದ್ದರೆ, ಶಕ್ತಿಯಿದ್ದರೆ, ಇಂದೇ ಕೊಳ್ಳಿ. ಅದು ನಿಂತುಹೋದ ಮೇಲೆ ನಾವು ಬರೆಯುವ ಸಾವಿರ ಹೊಗಳಿಕೆ ಸೇರಿದರೂ ಮಾರಾಟದ ಪಟ್ಟಿಯಲ್ಲಿ ಒಂದು ಕಾರು ಹೆಚ್ಚಾಗುವುದಿಲ್ಲ.