ಬೇಕೆಂದಾಗ ಸಿಗದ ರಕ್ತ

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದವರು ಕಾಲಿನ ಗಾಯಕ್ಕೆ ಹೆದರುತ್ತಾರೆ. ಕಣ್ಣು, ಕಿಡ್ನಿ, ಹೃದಯದ ಬಗ್ಗೆ ಕಳವಳಪಡುತ್ತಾರೆ. ಮಿದುಳಿನ ಮಾತು ಬರುವುದು ಕಡಿಮೆ, ಬಂದರೂ ಲಕ್ವ ಹೊಡೆದ ಮೇಲೆಯೇ. ಆದರೆ ಯಾವ ರಕ್ತನಾಳವೂ ಕಟ್ಟಿಕೊಳ್ಳುವ ಮೊದಲೇ, ಎಷ್ಟೋ ವರ್ಷ ಮುಂಚೆಯೇ, ಮಿದುಳು ತನ್ನದೊಂದು ಸಾಮರ್ಥ್ಯವನ್ನು ಕಳೆದುಕೊಳ್ಳತೊಡಗಿರಬಹುದು.

ಮಿದುಳಿನ ತೂಕ ಮೈತೂಕದ ಶೇ 2ರಷ್ಟು. ದೇಹ ಬಳಸುವ ಆಮ್ಲಜನಕದಲ್ಲಿ ಮಾತ್ರ ಸುಮಾರು ಶೇ 20 ಅದಕ್ಕೇ ಬೇಕು. ನಿಮಿಷಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ರಕ್ತ ಅದರ ಮೂಲಕ ಹಾದುಹೋಗುತ್ತದೆ. ಈ ರಕ್ತ ಎಲ್ಲ ಕಡೆಗೂ ಒಂದೇ ಸಮನೆ ಹರಿಯುವುದಿಲ್ಲ. ತೋಟಕ್ಕೆ ನೀರು ಹಾಯಿಸುವವರು ಒಣಗಿದ ಪಾತಿಯತ್ತ ಮಡೆ ತಿರುಗಿಸುವಂತೆ, ದುಡಿಯುತ್ತಿರುವ ಭಾಗದ ಕಡೆಗೆ ಮಿದುಳು ಹೆಚ್ಚು ರಕ್ತ ಹರಿಸುತ್ತದೆ. ಓದುವಾಗ ಒಂದು ಕಡೆ, ಬೆರಳಾಡಿಸುವಾಗ ಇನ್ನೊಂದು ಕಡೆ, ಕೆಲವೇ ಸೆಕೆಂಡುಗಳಲ್ಲಿ. ಇಂಥದ್ದೊಂದು ಏರ್ಪಾಡು ಇದೆಯೆಂದು ಚಾರ್ಲ್ಸ್ ರಾಯ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ 1890ರಲ್ಲೇ ಬರೆದಿದ್ದರು.

ರಕ್ತನಾಳಗಳು ಹಿಗ್ಗಿ ಕುಗ್ಗುವುದರಿಂದ ಹರಿವು ಹೀಗೆ ಬದಲಾಗುತ್ತದೆ. ಈ ಹಿಗ್ಗು ಕುಗ್ಗಿನಲ್ಲಿ ನಾಳದ ಒಳಪದರಕ್ಕೆ ದೊಡ್ಡ ಪಾತ್ರವಿದೆ. ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರ ಅದು. ಅಲ್ಲಿಂದ ಹೊಮ್ಮುವ ನೈಟ್ರಿಕ್ ಆಕ್ಸೈಡ್ ನಾಳದ ಸ್ನಾಯುವನ್ನು ಸಡಿಲಿಸಿ ದಾರಿಯನ್ನು ಅಗಲ ಮಾಡುತ್ತದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಏಟು ಬೀಳುವುದು ಈ ಪದರಕ್ಕೆ. ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ಉರಿಯೂತ ನೆಲೆಯೂರುತ್ತದೆ, ಪ್ರೋಟೀನುಗಳಿಗೆ ಸಕ್ಕರೆ ಅಂಟಿಕೊಂಡು ನಾಳದ ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ಸುಮ್ಮನೆ ಕುಳಿತಾಗ ರಕ್ತ ಸಾಕಷ್ಟು ಸಿಗುತ್ತಿರಬಹುದು. ಹೆಚ್ಚು ಬೇಕಾದ ಗಳಿಗೆಯಲ್ಲಿ ನಾಳ ಸಾಕಷ್ಟು ಹಿಗ್ಗುವುದಿಲ್ಲ.

2015ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದು ಇದನ್ನೇ ಅಳೆದು ನೋಡಿತು. ಸರಾಸರಿ 66 ವರ್ಷದ 40 ಮಂದಿ, ಅವರಲ್ಲಿ 19 ಜನರಿಗೆ ಟೈಪ್ 2 ಮಧುಮೇಹ. ಎರಡು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿದಾಗ, ಮಧುಮೇಹ ಇದ್ದವರಲ್ಲಿ ರಕ್ತದ ಹರಿವನ್ನು ಹೊಂದಿಸಿಕೊಳ್ಳುವ ಶಕ್ತಿ ಇಳಿದಿತ್ತು, ಕಲಿಕೆ ಮತ್ತು ನೆನಪಿನ ಪರೀಕ್ಷೆಯ ಅಂಕಗಳೂ ಇಳಿದಿದ್ದವು. ಅಧ್ಯಯನ ಸಣ್ಣದು, ಅದೊಂದನ್ನೇ ನೆಚ್ಚಿ ಕಾರಣ ಇದೇ ಎಂದು ತೀರ್ಪು ಕೊಡಲಾಗದು. ಆದರೂ ನನ್ನನ್ನು ಕಾಡುವುದು ಆ ಅವಧಿ. ಎರಡೇ ವರ್ಷ!

ಹಾನಿ ಮುಂದುವರಿದರೆ ಮಿದುಳಿನ ಆಳದ ಸಣ್ಣ ನಾಳಗಳು ಅಲ್ಲೊಂದು ಇಲ್ಲೊಂದು ಮುಚ್ಚಿಹೋಗುತ್ತವೆ. ಕೈಕಾಲು ಬೀಳದೆ, ಮಾತು ತೊದಲದೆ ಆಗುವ ಇಂಥ ಪುಟ್ಟ ಆಘಾತಗಳು ಎಷ್ಟೋ ಸಲ ಎಂಆರ್‌ಐ ಮಾಡಿಸಿದಾಗಲೇ ಕಣ್ಣಿಗೆ ಬೀಳುತ್ತವೆ. ಮನೆಯವರಿಗೆ ಕಾಣುವುದು ಬೇರೆ: ಅಪ್ಪ ಲೆಕ್ಕ ಹಾಕಲು ತಡವರಿಸುತ್ತಾರೆ, ಅಮ್ಮ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಲು ನಿಧಾನಿಸುತ್ತಾರೆ. ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಾಗುತ್ತಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಹಾಗೆ ಸುಮ್ಮನಾಗುವ ಮನೆಗಳೆಷ್ಟಿರಬಹುದು!

ಹಾಗಾದರೆ ಸಕ್ಕರೆಯನ್ನು ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದೇ? ಅಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ‘ಅಕಾರ್ಡ್’ ಪ್ರಯೋಗದಲ್ಲಿ ಸಕ್ಕರೆಯನ್ನು ತೀರಾ ಬಿಗಿಯಾಗಿ ಇಳಿಸಿದವರ ನೆನಪು, ಗ್ರಹಿಕೆ ಉಳಿದವರಿಗಿಂತ ಮೇಲಾಗಲಿಲ್ಲ. ಆ ಗುಂಪಿನಲ್ಲಿ ಸಾವು ಹೆಚ್ಚಾದ್ದರಿಂದ ಆ ಚಿಕಿತ್ಸೆಯನ್ನು 2008ರಲ್ಲಿ ನಿಲ್ಲಿಸಬೇಕಾಯಿತು. ಗ್ಲೂಕೋಸನ್ನೇ ನೆಚ್ಚಿಕೊಂಡ ಮಿದುಳಿಗೆ ಲೋ ಶುಗರ್ ಕೂಡ ಅಪಾಯವೇ.

ಬಿಪಿಯ ವಿಷಯದಲ್ಲಿ ಪುರಾವೆ ಗಟ್ಟಿಯಾಗಿದೆ. ಟೈಪ್ 2 ಮಧುಮೇಹದ ಜೊತೆಗೆ ಬಿಪಿಯೂ ಇದ್ದವರನ್ನು ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ವರ್ಷಗಳ ಕಾಲ ಗಮನಿಸಿತ್ತು. 1998ರ ಅದರ ವರದಿಯ ಪ್ರಕಾರ, ಬಿಪಿಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟ ಗುಂಪಿನಲ್ಲಿ ಲಕ್ವ ಶೇ 44ರಷ್ಟು ಕಡಿಮೆಯಾಗಿತ್ತು. ಪರೀಕ್ಷೆಗೆ ಹೋದಾಗ ಶುಗರ್ ಚೀಟಿಯೊಂದನ್ನೇ ಹಿಡಿದು ಮನೆಗೆ ಬರಬೇಡಿ. ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಬಿಪಿಯನ್ನೂ ನೋಡಿಸಿ, ಮರೆವು ಹೆಚ್ಚಿದೆ ಅನ್ನಿಸಿದರೆ ಅದನ್ನೂ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ.