ನಗರದ ವಿದ್ಯಾರ್ಥಿಯ ಗ್ರಾಮವಾಸ

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕೃಷಿ ಪದವಿಯ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಕೆಲಕಾಲ ಹಳ್ಳಿಯಲ್ಲಿಯೇ ವಾಸಮಾಡಿ ರೈತರ ಜತೆಯಲ್ಲಿ ಕೆಲಸ ಕಲಿಯತಕ್ಕದ್ದೆಂಬ ಏರ್ಪಾಡುಂಟು. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವವೆಂದು ಹೆಸರು. ಇವರನ್ನು ಬರಮಾಡಿಕೊಳ್ಳುವ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ “ನೇಗಿಲು ಮುಟ್ಟದ ಹುಡುಗರಿಗೆ ನಾವು ಏನು ಹೇಳಿಕೊಡೋಣ?” ಎಂದು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದದ್ದೇ.

ಹೆಬ್ಬಾಳದಲ್ಲಿ 1913ರಲ್ಲಿ ವ್ಯವಸಾಯ ಶಾಲೆಯೂ 1946ರಲ್ಲಿ ಕಾಲೇಜೂ ಸ್ಥಾಪಿತವಾದುವು, ವಿಶ್ವವಿದ್ಯಾನಿಲಯವಾದದ್ದು 1964ರಲ್ಲಿ. ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ. ಅದರ ಆಸುಪಾಸಿನ ಸಾರಕ್ಕಿ, ಯಡಿಯೂರು, ಪುಟ್ಟೇನಹಳ್ಳಿಗಳು ಈಗ ಹೆಸರಿನಲ್ಲಿ ಮಾತ್ರ ಹಳ್ಳಿಗಳು. ಆದಕಾರಣ ಅಲ್ಲಿ ಬೆಳೆದ ಹುಡುಗನಿಗೆ ರಾಗಿಯ ಪೈರಿಗೂ ಹುಲ್ಲಿಗೂ ಭೇದ ತಿಳಿಯದಿದ್ದರೆ ನಗತಕ್ಕದ್ದೇನೂ ಇಲ್ಲ.

ಆದಾಗ್ಯೂ ಅವನು ಬರಿಗೈಯಲ್ಲಿ ಬರಬೇಕಾಗಿಲ್ಲ. ಊರಿಗೆ ಬರುವ ಮುಂಚೆ ಬೆಳಗಿನ ಜಾವ ಸಾರಕ್ಕಿ ಮಾರುಕಟ್ಟೆಗೆ ಹೋಗಿ, ಸೊಪ್ಪು ತಂದವರನ್ನು ಬಿತ್ತಿದ್ದು ಯಾವಾಗ, ಕೂಲಿ ಎಷ್ಟು, ಸಾಗಣೆಗೆ ಎಷ್ಟು ಎಂದು ವಿಚಾರಿಸಬಹುದು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿಯೂ ಹೀಗೆಯೇ. ಆದರೆ ಮಾರುವವರಲ್ಲಿ ತಾವೇ ಬೆಳೆದವರು ಯಾರೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಹಳ್ಳಿಯ ಮಾತುಗಳ ಪರಿಚಯವೂ ಅವಶ್ಯಕ. ಪುಸ್ತಕದಲ್ಲಿ ಮಿಶ್ರಬೆಳೆಯೆಂದು ಓದಿದವನು “ಅಕ್ಕಡಿ ಸಾಲಿಗೆ ಏನು ಹಾಕಿದ್ದೀರಿ?” ಎಂದು ಕೇಳಿದರೆ ರೈತನು ಮನಸ್ಸು ಬಿಚ್ಚಿ ಉತ್ತರ ಕೊಡುವನು.

ಕೈಯ ಕೆಲಸಗಳಲ್ಲಿ ಮಣ್ಣಿನ ಮಾದರಿ ತೆಗೆಯುವುದನ್ನು ಚೆನ್ನಾಗಿ ರೂಢಿಮಾಡಿಕೊಂಡು ಬಂದರೆ ಸಾಕು. ಬದು, ತಿಪ್ಪೆ, ಮರದ ಬುಡ ಇವುಗಳನ್ನು ಬಿಟ್ಟು ಹೊಲದ 8-10 ಕಡೆ 6 ಅಂಗುಲ ಆಳದ ಗುಣಿ ತೆಗೆದು, ಪಕ್ಕದಿಂದ ಮೇಲಿನಿಂದ ಕೆಳಕ್ಕೆ ಒಂದೇ ದಪ್ಪನಾಗಿ ಮಣ್ಣನ್ನು ಕೆರೆದು ಎಲ್ಲವನ್ನೂ ಬೆರಸಬೇಕು. ಅದನ್ನು ನಾಲ್ಕು ಪಾಲುಮಾಡಿ ಎದುರುಬದುರಿನ ಎರಡನ್ನು ತೆಗೆದುಹಾಕುತ್ತ ಕೊನೆಗೆ ಅರ್ಧ ಕಿಲೋ ಉಳಿಸಿಕೊಳ್ಳಬೇಕು. ಇಷ್ಟನ್ನು ಅರಿತವನಿಂದ ಯಜಮಾನನಿಗೂ ಪ್ರಯೋಜನವುಂಟು. ಬಂದ ಮೂರನೆಯ ದಿನವೇ ಗೊಬ್ಬರದ ಉಪದೇಶ ಆರಂಭಿಸಿದವರನ್ನೂ ಈ ಲೇಖಕನು ಕಂಡಿದ್ದಾನೆ. ಅನಂತರ ಅವರ ಮಾತನ್ನು ಯಾರೂ ಕಿವಿಯಲ್ಲಿ ಹಾಕಿಕೊಳ್ಳಲಿಲ್ಲ.

ಇನ್ನು ಮನೆಯವರ ಸಿದ್ಧತೆ. ವಿದ್ಯಾರ್ಥಿಯನ್ನು ಜಗಲಿಯ ಮೇಲೆ ಕೂರಿಸಿ ಅತಿಥಿಯಂತೆ ಉಪಚರಿಸುವವರುಂಟು. ಸಂಬಳವಿಲ್ಲದ ಆಳೆಂದು ಎಣಿಸುವವರೂ ಉಂಟು. ಎರಡರಿಂದಲೂ ಅವನು ಏನನ್ನೂ ಕಲಿಯಲಾರನು. ಒಂದು ತಾಕನ್ನು ಅವನಿಗೆ ತೋರಿಸಿ, ಅಲ್ಲಿ ನಡೆಯುವ ಪ್ರತಿಯೊಂದು ಕೆಲಸಕ್ಕೂ ಜತೆಯಲ್ಲಿ ಕರೆದುಕೊಂಡು ಹೋಗಿ, ಆ ತಾಕಿನ ಖರ್ಚುವೆಚ್ಚವನ್ನು ಬರೆದಿಡುವ ಭಾರವನ್ನು ಅವನಿಗೇ ವಹಿಸತಕ್ಕದ್ದು. ಮನೆಯವರ ದುಡಿಮೆ, ಸ್ವಂತ ಎತ್ತು, ಕೊಟ್ಟಿಗೆ ಗೊಬ್ಬರ ಇವುಗಳಿಗೆ ಬೆಲೆ ಕಟ್ಟಿ ರಾಗಿಯ ಲೆಕ್ಕವನ್ನು ಇಟ್ಟವರು ನಮ್ಮಲ್ಲಿ ಎಷ್ಟು ಮಂದಿ? ಲೇಖನಿ ಹಿಡಿಯಬಲ್ಲ ಹುಡುಗನು ಈ ಕೆಲಸವನ್ನು ಮೊದಲ ವಾರದಿಂದಲೇ ಮಾಡಬಲ್ಲನು.

ಔಷಧಿ ಸಿಂಪಡಿಸುವ ಕೆಲಸವನ್ನು ಮಾತ್ರ, ಕೈಚೀಲ, ಮುಖವಸ್ತ್ರಗಳಿಲ್ಲದೆ, ಅನುಭವಿಗಳು ಜತೆಯಲ್ಲಿಲ್ಲದೆ ಇವರಿಗೆ ಒಪ್ಪಿಸಕೂಡದು. ವಿದ್ಯಾರ್ಥಿನಿಯರೂ ಬರುವುದರಿಂದ ವಸತಿ, ಸ್ನಾನದ ಮನೆ, ದೀಪದ ಅನುಕೂಲಗಳನ್ನು ಗ್ರಾಮದ ಮುಖ್ಯಸ್ಥರು ಅವರು ಬರುವುದಕ್ಕೆ ಒಂದು ವಾರ ಮುಂಚಿತವಾಗಿ ತಾವೇ ನೋಡಿ, ಕೊರತೆಯಿದ್ದರೆ ಮೇಲ್ವಿಚಾರಕ ಉಪಾಧ್ಯಾಯರಿಗೆ ತಿಳಿಸತಕ್ಕದ್ದು.